ತೊಟ್ಟಿಲ ಬಟ್ಟೆಯ ಚರಿತ್ರೆ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವಳು ನಾನು. ಪಾಣಿಪತ್ತಿನ ಮೂರು ಯುದ್ಧಗಳನ್ನೂ ಶ್ರೀರಂಗಪಟ್ಟಣದ ಪತನವನ್ನೂ ಇಸವಿಸಮೇತ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಆ ಕಾಲದ ತಾಯಂದಿರು ತಮ್ಮ ಹಸುಗೂಸುಗಳಿಗೆ ಏನು ಕಟ್ಟುತ್ತಿದ್ದರು, ಕಟ್ಟಿದ್ದನ್ನು ಯಾರು ಒಗೆಯುತ್ತಿದ್ದರು ಎಂಬ ಪ್ರಶ್ನೆ ನನ್ನ ತರಗತಿಯಲ್ಲಿ ಒಮ್ಮೆಯೂ ಏಳಲಿಲ್ಲ. ಅದನ್ನು ಎತ್ತಿದವಳು ನನ್ನ ಮೊಮ್ಮಗಳು.

ಚೊಚ್ಚಲ ಹೆರಿಗೆಗೆಂದು ಆಕೆ ಬೆಂಗಳೂರಿನಿಂದ ಮೈಸೂರಿಗೆ, ಕುವೆಂಪುನಗರದ ನಮ್ಮ ಮನೆಗೆ ಬಂದಿದ್ದಳು. ಒಂದು ಸಂಜೆ ನನ್ನ ಪಕ್ಕದಲ್ಲಿ ಕುಳಿತು, "ಅಜ್ಜಿ, ಮಗುವಿಗೆ ಅಂಗಡಿಯ ಡೈಪರ್ ಬೇಡ, ಬಟ್ಟೆಯದೇ ಇರಲಿ ಎಂದುಕೊಂಡಿದ್ದೇನೆ. ನೀವೆಲ್ಲ ಹೇಗೆ ಶುರು ಮಾಡುತ್ತಿದ್ದಿರಿ? ಎಷ್ಟು ಬೇಕಾಗುತ್ತಿತ್ತು?" ಎಂದು ಕೇಳಿದಳು.

"ಅದೇನು ಮಹಾ ವಿದ್ಯೆಯೇ? ತಾತನ ಎರಡು ಹಳೆಯ ಪಂಚೆ ಹರಿದರೆ ಆಯಿತು" ಎಂದು ನಕ್ಕೆ. ಆದರೆ ಅಂದು ರಾತ್ರಿ ಮಲಗಿದ ಮೇಲೆ, ನಾನು ಕೊಟ್ಟ ಉತ್ತರ ಸುಳ್ಳಲ್ಲದಿದ್ದರೂ ಪೂರ್ತಿ ನಿಜವಲ್ಲ ಎನ್ನಿಸತೊಡಗಿತು. ಪಂಚೆ ಹರಿಯುವುದು ಆ ಕಥೆಯ ಮೊದಲ ಪುಟ ಮಾತ್ರ. ಉಳಿದ ಪುಟಗಳನ್ನು ನೆನಪಿನಿಂದಲೂ ಓದಿನಿಂದಲೂ ಜೋಡಿಸಿ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಹೆಸರಿನ ವಿಚಾರ. ಇಂಗ್ಲಿಷಿನ 'ಡೈಪರ್' ಎಂಬುದು ಮೂಲತಃ ಮಗುವಿನ ಉಡುಪಿನ ಹೆಸರಲ್ಲ; ಸಣ್ಣ ಸಣ್ಣ ವಜ್ರಾಕೃತಿಗಳು ಮೂಡುವಂತೆ ನೇಯ್ದ ಒಂದು ಬಗೆಯ ಬಟ್ಟೆಯ ಹೆಸರು. ಅಂತಹ ಬಟ್ಟೆಯನ್ನು ಮಕ್ಕಳಿಗೆ ಕಟ್ಟುತ್ತ ಕಟ್ಟುತ್ತ ಬಟ್ಟೆಯ ಹೆಸರೇ ಕಟ್ಟಿದ್ದಕ್ಕೂ ಬಂತು. ನಮ್ಮಲ್ಲಿ ಈ ವಸ್ತುವಿಗೆಂದೇ ಮೀಸಲಾದ ಹೆಸರಿಲ್ಲ. ಲಂಗೋಟಿ ಎನ್ನೋಣವೆಂದರೆ ಅದು ಗರಡಿಮನೆಯ ಪೈಲ್ವಾನನದೂ ಹೌದು. ಕೌಪೀನ ಎಂದರೆ ಸನ್ಯಾಸಿಯ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು 'ಮಗುವಿನ ಬಟ್ಟೆ' ಎಂದಷ್ಟೇ ಕರೆಯುತ್ತಿದ್ದೆವು. ಕಾರಣ ಸರಳ. ಅದು ಅಂಗಡಿಯಿಂದ ಕೊಂಡು ತರುವ ಪ್ರತ್ಯೇಕ ವಸ್ತುವಾಗಿರಲಿಲ್ಲ, ಹಳೆಯ ಬಟ್ಟೆಯ ಬಾಳಿನಲ್ಲಿ ಬರುವ ಒಂದು ಘಟ್ಟವಾಗಿತ್ತು. ಪಂಚೆಯಾಗಿ ಹತ್ತು ವರ್ಷ ದುಡಿದು, ಗಂಜಿಯೆಲ್ಲ ಹೋಗಿ ನೂಲು ಮೆತ್ತಗಾದ ಮೇಲೆ ಅದು ತೊಟ್ಟಿಲಿಗೆ ಬರುತ್ತಿತ್ತು. ತೊಟ್ಟಿಲಿನಿಂದ ನೆಲ ಒರೆಸಲು ಹೋಗುತ್ತಿತ್ತು. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕದೆ, ಬಾಳಿ ಬದುಕಿದ ಹಿರಿಯರು ಉಟ್ಟ ಬಟ್ಟೆಯನ್ನೇ ಮೊದಲು ಹೊದಿಸುವ ಪದ್ಧತಿ ಬಹಳ ಮನೆಗಳಲ್ಲಿತ್ತು. ಹಿರಿಯರ ಆಯುಷ್ಯ ಮಗುವಿಗೆ ಬರಲಿ ಎಂಬುದು ಹಾರೈಕೆ. ಹಳೆಯ ಹತ್ತಿಬಟ್ಟೆ ಎಳೆಯ ಚರ್ಮವನ್ನು ಉಜ್ಜುವುದಿಲ್ಲ, ನೀರನ್ನು ಬೇಗ ಹೀರುತ್ತದೆ ಎಂಬ ಅನುಭವವೂ ಆ ಹಾರೈಕೆಯ ಹಿಂದಿತ್ತು.

ಕಟ್ಟುವ ಬಗೆಯೂ ನಮ್ಮದೇ. ಮಗುವಿನ ಸೊಂಟಕ್ಕೆ ಉಡಿದಾರ ಕಟ್ಟುವುದು ನಮ್ಮ ಕಡೆಯ ಸಂಪ್ರದಾಯ. ಕೈಯಗಲದ ಬಟ್ಟೆಯ ಪಟ್ಟಿಯನ್ನು ಮುಂದೆ ಉಡಿದಾರಕ್ಕೆ ಸಿಕ್ಕಿಸಿ, ಕಾಲ ನಡುವಿನಿಂದ ತಂದು ಹಿಂದೆ ಸಿಕ್ಕಿಸಿದರೆ ಮುಗಿಯಿತು. ಪಿನ್ನೂ ಬೇಡ, ಗಂಟೂ ಬೇಡ. ಚೌಕವಾದ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕಟ್ಟುತ್ತಿದ್ದ ಪಾಶ್ಚಾತ್ಯ ತಾಯಂದಿರಿಗೆ ಅದನ್ನು ಹಿಡಿದು ನಿಲ್ಲಿಸಲು ಏನಾದರೂ ಬೇಕಾಗುತ್ತಿತ್ತು. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಎಂಬಾತ ಪೇಟೆಂಟ್ ಪಡೆದ ಸೇಫ್ಟಿ ಪಿನ್ನು, ಚುಚ್ಚದಂತೆ ಮುಚ್ಚಿಕೊಳ್ಳುವ ಗುಣದಿಂದಾಗಿ ಅವರ ಶಿಶುಪಾಲನೆಯ ಅಂಗವೇ ಆಯಿತು. ಅವರಿಗೆ ಪಿನ್ನು ಮಾಡಿಕೊಟ್ಟ ಉಪಕಾರವನ್ನು ನಮಗೆ ಒಂದು ಎಳೆ ದಾರ ಮಾಡಿಕೊಡುತ್ತಿತ್ತು.

ಈ ವಿಷಯದಲ್ಲಿ ನಮ್ಮ ಪ್ರಾಚೀನರು ಏನು ಹೇಳಿದ್ದಾರೆಂದು ಹುಡುಕಿದಾಗ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ನನ್ನನ್ನು ಬೆರಗುಗೊಳಿಸಿತು. ಮಗುವಿನ ಹಾಸಿಗೆ ಹೊದಿಕೆಗಳು ಮೃದುವಾಗಿ, ಹಗುರವಾಗಿ, ಶುಚಿಯಾಗಿ ಇರಬೇಕು. ಬೆವರು, ಮಲ, ಮೂತ್ರಗಳಿಂದ ಕೊಳೆಯಾದವನ್ನು ಬಿಟ್ಟುಬಿಡಬೇಕು ಎಂದು ಅಲ್ಲಿ ಹೇಳಿದೆ. ಅಷ್ಟಕ್ಕೇ ನಿಂತಿದ್ದರೆ ಅದು ಶ್ರೀಮಂತರಿಗೆ ಮಾತ್ರ ಒಪ್ಪುವ ಉಪದೇಶವಾಗುತ್ತಿತ್ತು. ಮುಂದಿನ ಮಾತು ನೋಡಿ: ಬೇರೆ ಬಟ್ಟೆ ಒದಗದಿದ್ದರೆ ಅವನ್ನೇ ಚೆನ್ನಾಗಿ ತೊಳೆದು, ಧೂಪ ಹಾಕಿ, ಪೂರ್ತಿ ಒಣಗಿಸಿ ಮತ್ತೆ ಬಳಸಬಹುದು. ಧೂಪಕ್ಕೆ ಬೇಕಾದ ದ್ರವ್ಯಗಳ ಪಟ್ಟಿಯಲ್ಲಿ ಜವೆ, ಸಾಸಿವೆ, ಇಂಗು, ಗುಗ್ಗುಳ, ವಚಾ ಮೊದಲಾದವಿವೆ. ವಚಾ ಎಂದರೆ ಇನ್ನೇನಲ್ಲ, ನಮ್ಮ ಮನೆಗಳಲ್ಲಿ ಮಗುವಿಗೆಂದು ತೇಯುತ್ತಿದ್ದ ಬಜೆಯೇ. ನನ್ನ ಅಜ್ಜಿ ಚರಕನ ಹೆಸರನ್ನೂ ಕೇಳಿದವಳಲ್ಲ. ಆದರೆ ಮಳೆಗಾಲದಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಮಗುವಿನ ಬಟ್ಟೆಗಳನ್ನು ಹರಡುತ್ತಿದ್ದಳು. ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂದು ಇಂದಿನ ಮಕ್ಕಳ ವೈದ್ಯರು ಹೇಳುತ್ತಾರೆ, ಅದು ಸರಿಯೇ. ತೊಳೆ, ಪೂರ್ತಿ ಒಣಗಿಸು ಎಂಬ ಮಾತಿಗೆ ಮಾತ್ರ ಇಂದಿಗೂ ತಿದ್ದುಪಡಿ ಬಂದಿಲ್ಲ.

ನಾನು ಎಂಟು ವರ್ಷದವಳಿದ್ದಾಗ, 1957ರಲ್ಲಿ, ನನ್ನ ತಮ್ಮ ಹುಟ್ಟಿದ. ಆಗ ನಾವಿದ್ದದ್ದು ಅಗ್ರಹಾರದ ಒಂದು ವಠಾರದಲ್ಲಿ. ಹಿತ್ತಿಲ ಕಡೆಯ ಕತ್ತಲೆ ಕೋಣೆ ಬಾಣಂತಿ ಕೋಣೆಯಾಯಿತು. ಅಲ್ಲಿ ಕಂಡ ಒಂದು ನೋಟ ಇನ್ನೂ ಕಣ್ಣ ಮುಂದಿದೆ. ಅಜ್ಜಿ ಗೋಡೆಗೆ ಒರಗಿ, ಕಾಲು ನೀಡಿ ಕುಳಿತು, ಎರಡು ಪಾದಗಳ ನಡುವೆ ಮಗುವನ್ನು ಕೂರಿಸಿಕೊಂಡು 'ಉಸ್ಸ್' ಎಂದು ಸದ್ದು ಮಾಡುತ್ತಿದ್ದಳು. ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ನಿದ್ದೆಯಿಂದ ಎದ್ದ ಕೂಡಲೇ, ಹೀಗೆ ದಿನಕ್ಕೆ ಎಷ್ಟೋ ಸಲ. ಮಗು ಆ ಸದ್ದಿಗೆ ಕೆಲವೇ ವಾರಗಳಲ್ಲಿ ಒಗ್ಗಿಕೊಂಡಿತು. ಹುಟ್ಟಿದ ಮಗು ದಿನಕ್ಕೆ ಹದಿನೈದು ಇಪ್ಪತ್ತು ಬಾರಿಯಾದರೂ ಒದ್ದೆ ಮಾಡಿಕೊಳ್ಳುತ್ತದೆ; ಅದರಲ್ಲಿ ಎಷ್ಟೋ ಬಾರಿ ಬಟ್ಟೆ ನೆನೆಯದಂತೆ ಅಜ್ಜಿಯ ಕಾಲುಗಳೇ ತಡೆಯುತ್ತಿದ್ದವು. ಎರಡು ಹಳೆಯ ಪಂಚೆ ಸಾಕೆಂದು ನಾನು ಮೊಮ್ಮಗಳಿಗೆ ಹೇಳಿದೆನಲ್ಲ, ಅದು ಸಾಕಾಗುತ್ತಿದ್ದುದು ಇಡೀ ದಿನ ಕಾಲು ನೀಡಿ ಕುಳಿತುಕೊಳ್ಳುವ ಒಬ್ಬ ಅಜ್ಜಿ ಮನೆಯಲ್ಲಿದ್ದುದರಿಂದ.

ಇನ್ನು ನೀರು. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟು ಜನರನ್ನು ಕಂಗೆಡಿಸಿತು. ಇಕ್ಕಟ್ಟಾದ ಹಳೆಯ ಕೇರಿಗಳನ್ನು ಬಿಡಿಸಿ, ಅಗಲವಾದ ರಸ್ತೆಗಳ ಹೊಸ ಬಡಾವಣೆಗಳನ್ನು ಕಟ್ಟಲು ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪಿತವಾಯಿತು. ವಾಣಿ ವಿಲಾಸ ನೀರು ಸರಬರಾಜು ವ್ಯವಸ್ಥೆ ಕಾವೇರಿಯನ್ನು ಊರೊಳಗೆ ತಂದಿತು. ನಮ್ಮ ಊರಿನ ಇತಿಹಾಸ ಬರೆಯುವವರು ಇವನ್ನು ಅರಸರ ಮತ್ತು ದಿವಾನರ ದೂರದೃಷ್ಟಿಯ ಅಧ್ಯಾಯದಲ್ಲಿ ಬರೆಯುತ್ತಾರೆ. ಬಾಣಂತಿ ಕೋಣೆಯ ಅಧ್ಯಾಯದಲ್ಲಿಯೂ ಬರೆಯಬೇಕಾದ ಸಂಗತಿಯಿದು. ಕೆರೆಯಿಂದಲೋ ಬಾವಿಯಿಂದಲೋ ಹೊತ್ತು ತಂದ ನೀರಿನಲ್ಲಿ ದಿನಕ್ಕೆ ಇಪ್ಪತ್ತು ಬಟ್ಟೆ ಜಾಲಿಸುವುದಕ್ಕೂ ಹಿತ್ತಿಲ ನಲ್ಲಿಯ ಕೆಳಗೆ ಜಾಲಿಸುವುದಕ್ಕೂ ಇರುವ ಅಂತರ, ನೀರು ಹೊತ್ತವರಿಗೇ ಗೊತ್ತು.

ಆದರೆ ನಲ್ಲಿ ಬಂದರೂ ನಮ್ಮ ಮನೆಯಲ್ಲಿ ಆ ಬಟ್ಟೆಗಳನ್ನು ಒಗೆದವರು ನಮ್ಮವರಲ್ಲ. ಪುರುಡಿನ ಹತ್ತು ದಿನ ಬಾಣಂತಿಯ ಮತ್ತು ಮಗುವಿನ ಬಟ್ಟೆಗಳನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಮುಂಜಾನೆ ಹಿತ್ತಿಲ ಬಾಗಿಲಿಗೆ ಅಗಸಗಿತ್ತಿ ಬರುತ್ತಿದ್ದಳು. ಅಜ್ಜಿ ಒಂದು ಕೋಲಿನಿಂದ ಬಟ್ಟೆಗಳನ್ನು ಹೊರಗೆ ತಳ್ಳುತ್ತಿದ್ದಳು. ಆಕೆ ಅವನ್ನು ಕೈಯಿಂದ ಎತ್ತಿ ಗಂಟು ಕಟ್ಟುತ್ತಿದ್ದಳು. ಕೋಲಿನ ಈ ತುದಿಯಲ್ಲಿ ಹೇಸಿಗೆಯೆನಿಸಿದ್ದು ಆ ತುದಿಯಲ್ಲಿ ಒಬ್ಬಳ ಕಸುಬಾಗಿತ್ತು.

ಆ ಕಸುಬು ಸಣ್ಣದಾಗಿರಲಿಲ್ಲ. ಚೌಳುಮಣ್ಣಿನ ನೀರಿನಲ್ಲಿ ಬಟ್ಟೆಯನ್ನು ನೆನೆಸಿ, ದೊಡ್ಡ ಹಂಡೆಯ ಮೇಲೆ ಒಟ್ಟಿ, ಕೆಳಗೆ ಉರಿ ಹಾಕಿ ಹಬೆಯಲ್ಲಿ ಬೇಯಿಸುವ ಕ್ರಮಕ್ಕೆ ಉಬ್ಬೆ ಎನ್ನುತ್ತಿದ್ದರು. ಮಣ್ಣಿನ ಕ್ಷಾರ ಕೊಳೆಯನ್ನೂ ಜಿಡ್ಡನ್ನೂ ಬಿಡಿಸುತ್ತಿತ್ತು, ಹಬೆಯ ಕಾವು ರೋಗಾಣುಗಳನ್ನು ಕೊಲ್ಲುತ್ತಿತ್ತು. ಆಮೇಲೆ ಕಲ್ಲಿಗೆ ಒಗೆದು, ಹರಿಯುವ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರಡುತ್ತಿದ್ದರು. ಕ್ಷಾರ, ಕಾವು, ನೀರು, ಬಿಸಿಲು: ಆಸ್ಪತ್ರೆಯ ಬಟ್ಟೆಗಳನ್ನು ಶುದ್ಧಿ ಮಾಡಲು ಇಂದು ಬೇಕಾಗುವುದೂ ಹೆಚ್ಚು ಕಡಿಮೆ ಇವೇ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವ ಕಲ್ಯಾಣದ ಶರಣರ ನಡುವೆ ಪೂಜ್ಯನಾದನೆಂದು ನಾನು ಪಾಠ ಹೇಳಿದ್ದೇನೆ. ಆದರೆ ನಮ್ಮ ಹಿತ್ತಿಲಿಗೆ ಬಂದ ಆ ಮಡಿವಾಳ ತಾಯಿಗೆ ಕೂಲಿಯೆಂದು ಸಿಕ್ಕಿದ್ದು ಮೊರದಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ನಾಮಕರಣದ ದಿನ ಒಂದು ಹಳೆಯ ಸೀರೆ. ಒಮ್ಮೆ ಆಕೆಯ ಬೆನ್ನಿಗೆ ಕಟ್ಟಿದ ಜೋಳಿಗೆಯಲ್ಲಿ ಒಂದು ಕೂಸೂ ಇತ್ತು. ನನ್ನ ತಮ್ಮನ ವಯಸ್ಸಿನದೇ ಇರಬಹುದು. ಅದರ ಬಟ್ಟೆಯನ್ನು ಯಾವ ಹೊತ್ತಿನಲ್ಲಿ ಯಾರು ಒಗೆಯುತ್ತಿದ್ದರು? ಎಂಟು ವರ್ಷದ ನನಗೆ ಆ ಯೋಚನೆ ಬರಲಿಲ್ಲ, ಅದು ಸಹಜ. ಐವತ್ತು ವರ್ಷ ತುಂಬಿದ ಮೇಲೂ ಬರಲಿಲ್ಲವಲ್ಲ ಎಂಬುದು ಈಗ ನನ್ನನ್ನು ಚುಚ್ಚುತ್ತದೆ.

1975ರಲ್ಲಿ ನಾನೇ ತಾಯಿಯಾದೆ. ಅಷ್ಟು ಹೊತ್ತಿಗೆ ಅಗಸಗಿತ್ತಿಯ ಬರವು ನಿಂತಿತ್ತು. ಮೂರು ತಿಂಗಳ ಹೆರಿಗೆ ರಜೆ ಮುಗಿದ ಮೇಲೆ ನಾಲ್ಕೂವರೆಗೆ ಎದ್ದು, ನಲ್ಲಿಯಲ್ಲಿ ನೀರು ನಿಲ್ಲುವ ಮೊದಲೇ ರಾತ್ರಿಯ ಬಟ್ಟೆಗಳನ್ನು 501 ಬಾರ್ ಸೋಪಿನಲ್ಲಿ ಉಜ್ಜಿ, ತಂತಿಗೆ ಹರವಿ, ಅಡುಗೆ ಮುಗಿಸಿ ಶಾಲೆಗೆ ಓಡುತ್ತಿದ್ದೆ. ಹಗಲಿನ ಬಟ್ಟೆಗಳು ಅತ್ತೆಯವರ ಪಾಲು. ಯಜಮಾನರು ಒಳ್ಳೆಯವರು, ಆದರೆ ವರಾಂಡದಲ್ಲಿ ಪತ್ರಿಕೆ ಓದುತ್ತಿದ್ದ ಅವರಿಗಾಗಲಿ, ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ನನಗಾಗಲಿ, ಆ ಬಕೆಟ್ಟು ಅವರ ಕೈಗೂ ಬರಬಹುದೆಂದು ತೋಚಲೇ ಇಲ್ಲ. ಕೆಲಸದ ನಡುವೆ ಮಗು ಅತ್ತರೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡುತ್ತಿದ್ದೆ. ಚಳಿಗಾಲದಲ್ಲಿ ಬೆರಳುಗಳು ಬಿರಿದು, ತರಗತಿಯಲ್ಲಿ ಸೀಮೆಸುಣ್ಣ ಹಿಡಿದರೆ ಉರಿಯುತ್ತಿದ್ದವು. ಆದ್ದರಿಂದ, ಎಸೆಯುವ ಡೈಪರು ಬಂದಾಗ ಅದನ್ನು ಅಪ್ಪಿಕೊಂಡ ತಾಯಂದಿರನ್ನು ನಾನು ಸೋಮಾರಿಗಳೆಂದು ಜರಿಯಲಾರೆ.

ಆ ಎಸೆಯುವ ಡೈಪರಿನ ಚರಿತ್ರೆಯೂ ತಾಯಂದಿರ ಆಯಾಸದಿಂದಲೇ ಆರಂಭವಾಗುತ್ತದೆ. ಅಮೆರಿಕದ ಮರಿಯನ್ ಡೊನೊವನ್ ಎಂಬ ತಾಯಿ, ಒದ್ದೆ ಹಾಸಿಗೆಗಳನ್ನು ಬದಲಿಸಿ ಬದಲಿಸಿ ಬೇಸತ್ತು, ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಬಟ್ಟೆಯ ಮೇಲೆ ಹಾಕುವ ನೀರುಸೋರದ ಹೊದಿಕೆಯೊಂದನ್ನು ಹೊಲಿದಳು. 1949ರಲ್ಲಿ ಅದು ನ್ಯೂಯಾರ್ಕಿನ ದೊಡ್ಡ ಅಂಗಡಿಯಲ್ಲಿ ಮಾರಾಟಕ್ಕೆ ಬಂತು, 1951ರಲ್ಲಿ ಪೇಟೆಂಟ್ ದೊರೆಯಿತು. 1961ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಪ್ಯಾಂಪರ್ಸನ್ನು ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿ ಪರೀಕ್ಷೆಗೆಂದು ಮಾರಿತು. ಬೆಲೆ ಹೆಚ್ಚಾಯಿತೆಂದು ಜನ ಮೊದಲು ಒಪ್ಪಲಿಲ್ಲ, ಇಳಿಸಿದ ಮೇಲೆ ಒಪ್ಪಿದರು. 1980ರ ದಶಕದಲ್ಲಿ ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಹೀರಿ ಲೋಳೆಯಾಗುವ ರಾಸಾಯನಿಕ ಹರಳುಗಳು ಅದರೊಳಗೆ ಸೇರಿದವು. ಡೈಪರು ತೆಳ್ಳಗಾಯಿತು, ರಾತ್ರಿಯಿಡೀ ತಡೆಯುವಂತಾಯಿತು. ಮುಂದೆ ಅದು ನಮ್ಮ ದೇವರಾಜ ಅರಸು ರಸ್ತೆಯ ಅಂಗಡಿಗಳಿಗೂ, ಅಲ್ಲಿಂದ ಬೀದಿಯ ತುದಿಯ ಔಷಧದ ಅಂಗಡಿಗಳಿಗೂ ಬಂತು. ತಾಯಿಯ ಬೆರಳು ಉಳಿಯಿತು.

ಆದರೆ ಕೊಳೆ ಎಲ್ಲಿಗೆ ಹೋಯಿತು? 2015 ಮತ್ತು 2016ರಲ್ಲಿ ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರವೆಂಬ ಹಿರಿಮೆ ಪಡೆದಾಗ ನಾವೆಲ್ಲ ಎದೆಯುಬ್ಬಿಸಿಕೊಂಡೆವು. ಕುಂಬಾರಕೊಪ್ಪಲಿನಲ್ಲಿ ಕಸವನ್ನು ಕೈಯಿಂದಲೇ ಬೇರ್ಪಡಿಸಿ, ಹಸಿಯದನ್ನು ಗೊಬ್ಬರ ಮಾಡಿ ಒಣದನ್ನು ಮಾರುವ ಘಟಕ ಪತ್ರಿಕೆಗಳಲ್ಲಿ ಹೆಸರಾಯಿತು. ಡೈಪರು ಮಾತ್ರ ಗೊಬ್ಬರವಾಗದು, ಗುಜರಿಗೂ ಹೋಗದು. ಪ್ಲಾಸ್ಟಿಕ್ಕು, ಕಾಗದದ ತಿರುಳು, ಲೋಳೆ, ಮಲ ಎಲ್ಲ ಒಂದಾದ ಗಂಟು ಅದು. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಡೈಪರನ್ನು ಸುತ್ತಿ ಒಣಕಸದೊಡನೆ ಕೊಡಬೇಕೆಂದೂ, ಸುತ್ತಲು ಬೇಕಾದ ಚೀಲವನ್ನು ತಯಾರಕರೇ ಒದಗಿಸಬೇಕೆಂದೂ ಹೇಳಿದವು. ಎಷ್ಟು ಮನೆಗಳಲ್ಲಿ ಸುತ್ತುತ್ತಾರೆ?

ಒಂದು ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದೆ. ಕಸದ ಗಾಡಿಯೊಡನೆ ಬಂದ ಪೌರಕಾರ್ಮಿಕ ಮಹಿಳೆ ಒಂದು ಮನೆಯ ಹಸಿಕಸದ ಬುಟ್ಟಿಗೆ ಕೈಹಾಕಿ, ಅನ್ನ ತರಕಾರಿ ಸಿಪ್ಪೆಗಳ ನಡುವಿನಿಂದ ಬಾಯ್ತೆರೆದ ಡೈಪರೊಂದನ್ನು ಎತ್ತಿ ಬೇರೆ ಹಾಕಿದಳು. ನಾನು ನೋಡುತ್ತಿರುವುದನ್ನು ಕಂಡು, "ಏನ್ ಮಾಡೋದಮ್ಮ, ಬೇರೆ ಮಾಡ್ಲೇಬೇಕಲ್ಲ" ಎಂದು ಮುಂದಿನ ಮನೆಗೆ ಹೋದಳು. ನನಗೆ ತಟ್ಟನೆ ಅಜ್ಜಿಯ ಕೋಲು ನೆನಪಾಯಿತು. ಅರವತ್ತಕ್ಕೂ ಹೆಚ್ಚು ವರ್ಷ ಕಳೆದಿವೆ. ಪಂಚೆಯ ಬದಲು ಪ್ಲಾಸ್ಟಿಕ್ಕು ಬಂದಿದೆ, ಗಂಟಿನ ಬದಲು ಗಾಡಿ ಬಂದಿದೆ. ಕೋಲಿನ ಆ ತುದಿಯಲ್ಲಿ ಇಂದಿಗೂ ಒಬ್ಬ ಹೆಂಗಸೇ ನಿಂತಿದ್ದಾಳೆ.

ಮರುದಿನ ಮೊಮ್ಮಗಳನ್ನು ಕರೆದು ನನ್ನ ಉತ್ತರವನ್ನು ತಿದ್ದಿಕೊಂಡೆ. "ಪಂಚೆ ಎಷ್ಟು ಎಂದು ಆಮೇಲೆ ಹೇಳುತ್ತೇನೆ. ಒಗೆಯುವವರು ಯಾರು ಎಂಬುದನ್ನು ಮೊದಲು ನೀವಿಬ್ಬರೂ ಕುಳಿತು ತೀರ್ಮಾನಿಸಿಕೊಳ್ಳಿ. ನಿನ್ನ ತಾಯಿಯೂ ಅಲ್ಲ, ಮನೆಗೆಲಸಕ್ಕೆ ಬರುವಾಕೆಯೂ ಅಲ್ಲ" ಎಂದೆ. ಆಕೆ ಗಂಡನಿಗೆ ಫೋನು ಮಾಡಿದಳು. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಗಳೂರಿಗೆ ಬಂದ ಮೇಲೆ ನಾನು ಒಗೆಯುತ್ತೇನೆ. ಅಲ್ಲಿಯವರೆಗೆ ಶನಿವಾರ ಭಾನುವಾರ ಬಂದಾಗ ಕಲಿತುಕೊಳ್ಳುತ್ತೇನೆ" ಎಂದನಂತೆ. ಹೆರಿಗೆಯ ರಜೆ 2017ರ ತಿದ್ದುಪಡಿಯಿಂದ ಇಪ್ಪತ್ತಾರು ವಾರಕ್ಕೆ ಏರಿರುವುದರಿಂದ ಆಕೆಗೂ ಉಸಿರಾಡಲು ಬಿಡುವಿತ್ತು.

ಆಮೇಲೆ ಪಂಚೆ ಹರಿದೆವು. ತಾತನ ಮೂರು ಪಂಚೆಗಳಿಂದ ಎರಡು ಡಜನ್ ಬಟ್ಟೆಗಳಾದವು. ಮೇಲೆ ಹಾಕಲು ನೀರುಸೋರದ ನಾಲ್ಕು ಹೊದಿಕೆಗಳನ್ನು ಕೊಂಡೆವು. ಗೆಳತಿಯೊಬ್ಬಳು ಉಡುಗೊರೆ ಕೊಟ್ಟ ಹೊಸ ಹತ್ತಿಬಟ್ಟೆಗಳು ಮೊದಲು ನೀರನ್ನೇ ಹೀರಲಿಲ್ಲ. ನಾಲ್ಕೈದು ಒಗೆತ ಕಂಡು ಗಂಜಿಯೂ ಎಣ್ಣೆಯಂಶವೂ ಹೋದ ಮೇಲೆ ಹದಕ್ಕೆ ಬಂದವು. ಹಿರಿಯರು ಹಳೆಯ ಬಟ್ಟೆಯನ್ನೇ ಏಕೆ ಹುಡುಕುತ್ತಿದ್ದರೆಂಬುದು ಮೊಮ್ಮಗಳಿಗೆ ಅಂದು ಅರ್ಥವಾಯಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಹೇಳಲಾರೆ. ಮಗು ಹುಟ್ಟಿದ ಎರಡನೆಯ ವಾರ ತೊಡೆಯ ಸಂದಿಯೆಲ್ಲ ಕೆಂಪಾಗಿ ಮಗು ಒಂದೇ ಸಮನೆ ಅತ್ತಿತು. ಬಟ್ಟೆಯಿಂದಲೇ ಹೀಗಾಯಿತೆಂದು ನನ್ನ ಮಗಳು ಹೆದರಿ ಡೈಪರಿನ ಕಟ್ಟು ತಂದೇಬಿಟ್ಟಳು. ತಪ್ಪು ನನ್ನದಾಗಿತ್ತು. ಕಲೆ ಹೋಗಲೆಂದು ಸೋಪಿನಪುಡಿಯನ್ನು ಧಾರಾಳವಾಗಿ ಸುರಿದಿದ್ದೆ, ಪರಿಮಳಕ್ಕೆಂದು ಬಟ್ಟೆ ಮೆದುಗೊಳಿಸುವ ದ್ರವವನ್ನೂ ಹಾಕಿದ್ದೆ. ಆ ದ್ರವ ನೂಲಿನ ಮೇಲೆ ಪದರವಾಗಿ ಕುಳಿತು ಹೀರುವ ಶಕ್ತಿಯನ್ನು ಕುಗ್ಗಿಸುತ್ತದೆ. ಉಳಿದ ಸೋಪು ಚರ್ಮವನ್ನು ಕೆರಳಿಸುತ್ತದೆ. ಸೋಪನ್ನು ಮಿತವಾಗಿ ಹಾಕಿ, ನೊರೆ ನಿಲ್ಲುವವರೆಗೆ ಜಾಲಿಸಿ, ಎರಡು ಗಂಟೆಗೊಮ್ಮೆ ತಪ್ಪದೆ ಬದಲಿಸಿ, ದಿನಕ್ಕೆ ಸ್ವಲ್ಪ ಹೊತ್ತು ಮಗುವನ್ನು ಬರಿಮೈಯಲ್ಲಿ ಗಾಳಿಗೆ ಬಿಡಿ ಎಂದು ಮಕ್ಕಳ ವೈದ್ಯರು ಹೇಳಿದರು. ನಾಲ್ಕೇ ದಿನಕ್ಕೆ ಗುಣವಾಯಿತು. ತಂದ ಕಟ್ಟನ್ನು ಎಸೆಯಲಿಲ್ಲ. ದೂರದ ಪ್ರಯಾಣಕ್ಕೆಂದು ಇಟ್ಟುಕೊಂಡೆವು, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟೆವು. ವ್ರತವೆಂಬಂತೆ ಹಟ ಹಿಡಿಯುವ ಅಗತ್ಯವಿಲ್ಲ.

ಬಟ್ಟೆ ಎಂದ ಮಾತ್ರಕ್ಕೆ ಪುಣ್ಯವೂ ಅಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂವರೆ ವರ್ಷ ಎಸೆಯುವ ಡೈಪರು ಬಳಸಿದರೆ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರೆ ವಾತಾವರಣಕ್ಕೆ ಬೀಳುತ್ತದೆ. ಅಲ್ಲಿನವರು ಸಾಮಾನ್ಯವಾಗಿ ಒಗೆಯುವ ರೀತಿಯಲ್ಲಿ ಬಟ್ಟೆಯದನ್ನು ಬಳಸಿದರೆ ಸುಮಾರು 570 ಕಿಲೋ! ಆದರೆ ಯಂತ್ರದಲ್ಲಿ ಒಣಗಿಸದೆ ತಂತಿಗೆ ಹರವಿ, ಯಂತ್ರ ತುಂಬುವಷ್ಟು ಬಟ್ಟೆ ಸೇರಿದ ಮೇಲೆಯೇ ಒಗೆದು, ಎರಡನೆಯ ಮಗುವಿಗೂ ಅವನ್ನೇ ಬಳಸಿದರೆ ಆ ಹೊರೆ ಶೇಕಡಾ 40ರಷ್ಟು ಇಳಿಯುತ್ತದೆಂದೂ ಅದೇ ಅಧ್ಯಯನ ಹೇಳಿದೆ. ಎಂದರೆ ಗುಣವಿರುವುದು ಬಟ್ಟೆಯಲ್ಲಿ ಅಲ್ಲ, ನಾವು ಒಗೆಯುವ ಕ್ರಮದಲ್ಲಿ. ಮೈಸೂರಿನ ಬಿಸಿಲಿಗೆ ಇದುವರೆಗೆ ಯಾರೂ ಬಿಲ್ಲು ಕಳುಹಿಸಿಲ್ಲ.

ಈಗ ಮೊಮ್ಮಗಳು ಬೆಂಗಳೂರಿಗೆ ಮರಳಿದ್ದಾಳೆ. ಅವಳು ಕಳುಹಿಸಿದ ಚಿತ್ರವೊಂದರಲ್ಲಿ ಅವಳ ಗಂಡ ಆಫೀಸಿನ ಗುರುತುಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಬಾಲ್ಕನಿಯ ತಂತಿಗೆ ತಾತನ ಪಂಚೆಯ ತುಂಡುಗಳನ್ನು ಹರವುತ್ತಿದ್ದಾನೆ. ಕ್ಲಿಪ್ಪುಗಳನ್ನು ತಪ್ಪಾಗಿ ಹಾಕಿದ್ದಾನೆ, ಬಟ್ಟೆ ಒಂದು ಕಡೆಗೆ ಜೋತುಬಿದ್ದಿದೆ. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದೆನೋ!

ಇತಿಹಾಸ ಬರೆಯುವಾಗ ಹೆಸರು, ಇಸವಿ, ಸ್ಥಳ ಮೂರೂ ಇರಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳು ನಾನು. ಈ ಬರಹದಲ್ಲಿ ವಾಲ್ಟರ್ ಹಂಟನ ಹೆಸರಿದೆ, ಮರಿಯನ್ ಡೊನೊವನ್ ಹೆಸರಿದೆ. 1957ರಲ್ಲಿ, ಮೈಸೂರಿನ ಅಗ್ರಹಾರದ ಒಂದು ಹಿತ್ತಿಲಲ್ಲಿ, ನನ್ನ ತಮ್ಮನ ಬಟ್ಟೆಗಳನ್ನು ಹತ್ತು ದಿನ ಒಗೆದುಕೊಟ್ಟ ತಾಯಿಯ ಹೆಸರನ್ನೂ ಅವುಗಳ ಜೊತೆಗೆ ಬರೆಯಬೇಕಾಗಿತ್ತು. ನಾವು ಆಕೆಯನ್ನು ಜಾತಿಯ ಹೆಸರಿನಿಂದಲೇ ಕೂಗುತ್ತಿದ್ದೆವು. ಅಮ್ಮನಿಗಾದರೂ ಗೊತ್ತಿತ್ತೋ ಏನೋ, ಅಮ್ಮ ಇದ್ದಾಗ ನಾನು ಕೇಳಲಿಲ್ಲ.